ಪವರಿಲ್ಲದ ಕನ್ನಡಕ

“ಅಯ್ಯೋ, ಇಷ್ಟೇನಾ!”

ಕನ್ನಡಕದ ಅಂಗಡಿಯ ಯಜಮಾನರು ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ಓದಿ ಹೊಟ್ಟೆ ಕುಲುಕಿಸಿ ನಕ್ಕರು. ಮಗಳು ಗುಟ್ಟಾಗಿ ಮದುವೆಯಾಗಿದ್ದಾಳೆಂದು ಸರ್ಕಾರಿ ಮೊಹರಿನ ಸಮೇತ ಗೊತ್ತಾದ ಮೇಲೆ ಹೀಗೆ ನಗುವ ತಂದೆಯನ್ನು ಜರಡಿ ತನ್ನ ಇಪ್ಪತ್ತಮೂರು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ.

ಜರಡಿ ಎನ್ನುವುದು ಊರು ಅವಳಿಗೆ ಇಟ್ಟ ಹೆಸರು. ಗಂಡಿನ ಕಡೆಯವರು ಹೆಣ್ಣಿನ ಬಗ್ಗೆ, ಹೆಣ್ಣಿನ ಕಡೆಯವರು ಗಂಡಿನ ಬಗ್ಗೆ ಬೆನ್ನ ಹಿಂದೆ ವಿಚಾರಿಸಬೇಕಾದಾಗ ಅವಳ ಬಾಗಿಲು ತಟ್ಟುತ್ತಿದ್ದರು. ಎರಡೂ ಕಡೆಯವರನ್ನು ಕಂಡರೆ ಅವಳಿಗೆ ಒಂದೇ ತೂಕದ ತಾತ್ಸಾರ. ಒಂದು ಜೊತೆ ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುವ ಜನ, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ‘ನಿನಗೇನು ಬೇಕು’ ಎಂದು ಕೇಳಿದರೆ ಬಾಯಿಯ ಮುತ್ತು ಉದುರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಅದಕ್ಕೊಬ್ಬ ಪತ್ತೇದಾರಿ ಬೇಕು.

ಹತ್ತು ದಿನದ ಹಿಂದೆ ಈ ಮನೆಗೆ ಸಹಿಯಿಲ್ಲದ ಪತ್ರವೊಂದು ಬಂದಿತ್ತು: ‘ನಿಮ್ಮ ಕಿರಿಮಗಳ ಮದುವೆ ಆಗಲೇ ಆಗಿಹೋಗಿದೆ. ನಂಬಿಕೆ ಇಲ್ಲದಿದ್ದರೆ ಹುಡುಕಿಸಿ ನೋಡಿ.’ ಜರಡಿ ಹುಡುಕಿದ್ದಳು. ಮದುವೆ ನೋಂದಣಿ ಕಚೇರಿಯಿಂದ ಫೋಟೋ ಸಮೇತ ಪ್ರತಿ ತಂದು, ಇವತ್ತು ಬುಧವಾರ ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರದ ಪಕ್ಕದ ಮೇಜಿನ ಮೇಲೆ ಇಟ್ಟಿದ್ದಳು.

ಮದುಮಗಳು: ಇದೇ ಮನೆಯ ಕಿರಿಮಗಳು. ಮದುಮಗ: ಬರುವ ಭಾನುವಾರ ಐನೂರು ಜನರ ಎದುರಿಗೆ ಅವಳನ್ನು ಮದುವೆಯಾಗಬೇಕಾಗಿದ್ದ ಅದೇ ಹಲ್ಲಿನ ಡಾಕ್ಟರು. ತಾರೀಖು: ಮೂರು ತಿಂಗಳ ಹಿಂದಿನ ಹನ್ನೊಂದು.

“ಹೊರಗಿನವನು ಯಾರೂ ಅಲ್ಲವಲ್ಲ! ನಮ್ಮ ಹುಡುಗನೇ!” ಯಜಮಾನರು ಕಣ್ಣೊರೆಸಿಕೊಂಡರು. “ಮೂರು ತಿಂಗಳು ಕಾಯೋಕೆ ಆಗಲಿಲ್ಲ ಇವಕ್ಕೆ. ಕೇಳಿದೆಯೇನೇ? ಮಗಳು ಓಡಿಹೋಗಿದಾಳೆ. ಎಲ್ಲಿಗೆ? ನಾವು ನೋಡಿದ ಗಂಡಿನ ಮನೆಗೇ!”

ಯಜಮಾನ್ತಿ ನಗಲಿಲ್ಲ. ಆಕೆ ಹತ್ತು ದಿನದಿಂದ ಅಳುತ್ತಲೇ ಇದ್ದರು. ಅಳುವಿನ ನಡುವೆ ಹೇಳುತ್ತಿದ್ದುದು ಒಂದೇ ಮಾತು, ಐನೂರು ಜನಕ್ಕೆ ಹೇಳಿ ಆಗಿದೆ, ಐನೂರು ಜನಕ್ಕೆ ಹೇಳಿ ಆಗಿದೆ. ಈ ಹೆಂಗಸಿಗೆ ಅಳುವುದಕ್ಕೂ ಅತಿಥಿಗಳ ಪಟ್ಟಿ ಬೇಕು ಎಂದು ಜರಡಿ ಮೊದಲ ದಿನವೇ ತೀರ್ಮಾನಿಸಿ ಆಕೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು.

“ತಾರೀಖು ಎಷ್ಟು ಅಂದ್ರಿ?” ಎಂದು ಯಜಮಾನ್ತಿ ಕೇಳಿದರು.

“ಹನ್ನೊಂದು.”

“ಹನ್ನೊಂದಾ? ಸರಿಯಾಗಿ ನೋಡಿದ್ರಾ?”

ಮಗಳ ಮಾನ ಮೇಜಿನ ಮೇಲೆ ಬಿದ್ದಿರುವಾಗ ತಾರೀಖು ಹಿಡಿದುಕೊಂಡಿದ್ದಾಳಲ್ಲ, ಕರ್ಮ. ಜರಡಿ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಯಜಮಾನರು ಕಾಗದವನ್ನು ಮಡಿಸಿ, ಅತಿಥಿಗಳ ಪಟ್ಟಿಯ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೊಂದು ಗಾಜಿನ ಕಟ್ಟರ್ ಹೇರಿದರು. ಹಿಡಿಕೆಗೆ ನೀಲಿ ಟೇಪು ಸುತ್ತಿದ, ತುದಿಯಲ್ಲಿ ಪುಟ್ಟ ಚಕ್ರವಿದ್ದ, ಬಹಳ ಕೈಯಾಡಿದ ಕಟ್ಟರ್.

“ನಿಮ್ಮ ಕೆಲಸ ಮುಗೀತು ಮೇಡಂ. ಭಾನುವಾರ ಊಟಕ್ಕೆ ಬನ್ನಿ.”

“ನಾನಲ್ಲ.”

ಮಾತು ಯಂತ್ರದ ಹಿಂದಿನಿಂದ ಬಂತು. ಕಿರಿಮಗಳು ಅಷ್ಟು ಹೊತ್ತೂ ಅಲ್ಲೇ, ಒದ್ದೆ ಕೈಯಲ್ಲಿ ಅರ್ಧ ಉಜ್ಜಿದ ಲೆನ್ಸ್ ಹಿಡಿದು ನಿಂತಿದ್ದಳು. ಈ ಅಂಗಡಿಯಿಂದ ಹೊರಗೆ ಹೋಗುವ ಪ್ರತಿಯೊಂದು ಕನ್ನಡಕದ ಗಾಜೂ ಅವಳ ಕೈಯಲ್ಲೇ ಸಾಣೆಯಾಗಬೇಕು. ಅವಳ ಕನ್ನಡಕವೋ, ಸೋಡಾಬುಡ್ಡಿ. ಮೈನಸ್ ಏಳು. ಮನೆಯವರು ಅವಳನ್ನು ಕರೆಯುತ್ತಿದ್ದುದೂ ಹಾಗೆಯೇ. ಕನ್ನಡಕ ಮಾರಿ ಹೊಟ್ಟೆ ಹೊರೆಯುವ ಮನೆಯಲ್ಲಿ ದಪ್ಪ ಕನ್ನಡಕದ ಹುಡುಗಿಯನ್ನು ಗೇಲಿ ಮಾಡುತ್ತಾರೆ ಎಂದರೆ ಇನ್ನು ಹೊರಗಿನವರನ್ನು ಅಂದೇನು ಪ್ರಯೋಜನ!

“ಏನು ನೀನಲ್ಲ?” ಯಜಮಾನರ ನಗು ಅರ್ಧಕ್ಕೆ ನಿಂತಿತು. “ಫೋಟೋದಲ್ಲಿ ನಿನ್ನ ಮುಖವೇ ಇದೆಯಲ್ಲೇ ಸೋಡಾಬುಡ್ಡಿ.”

“ನಾನು ಆ ಕಚೇರಿ ಮೆಟ್ಟಿಲು ಹತ್ತಿಲ್ಲ ಅಪ್ಪ. ಆ ಸಹಿ ನಂದಲ್ಲ. ನಾನು ಆ ಡಾಕ್ಟರನ್ನ ಮದುವೆ ಆಗಿಲ್ಲ.”

“ನಾಚಿಕೆ,” ಎಂದರು ಯಜಮಾನರು ಜರಡಿಗೆ ಕಣ್ಣು ಮಿಟುಕಿಸಿ.

ಜರಡಿ ಚೀಲ ಹೆಗಲಿಗೇರಿಸಿ ಆಗಿತ್ತು. ಆದರೂ ನಿಂತಳು. ಸುಳ್ಳು ಹೇಳುವವರು ಕಾರಣಗಳ ಮೂಟೆಯನ್ನೇ ಹೊತ್ತು ತರುತ್ತಾರೆ. ಜ್ವರ ಬಂದಿತ್ತು, ಮಳೆ ಬಂದಿತ್ತು, ಗೆಳತಿ ಸತ್ತಿದ್ದಳು. ಈ ಹುಡುಗಿ ಬರಿಗೈಯಲ್ಲಿ ನಿಂತಿದ್ದಳು.

“ಮೇಡಂ, ಒಂದು ಕೇಳ್ತೀನಿ,” ಎಂದಳು ಹುಡುಗಿ. “ಭಾನುವಾರ ಐನೂರು ಜನದ ಮುಂದೆ ನಾನು ಬೇಡ ಅಂದ್ರೆ?”

“ಅಂದರೆ ಏನೂ ಇಲ್ಲ. ಈ ಕಾಗದದ ಪ್ರಕಾರ ನೀನು ಮೂರು ತಿಂಗಳಿಂದ ಅವರ ಹೆಂಡತಿ. ಬೇಡ ಅನ್ನೋ ಕಾಲ ದಾಟಿಹೋಗಿದೆ.”

“ಇದು ಸುಳ್ಳು ಅಂತ ನಾನು ಹೇಳಿದ್ರೆ?”

“ಹೇಳು. ಯಾರು ನಂಬ್ತಾರೆ ಅಂತ ನೋಡಿಕೋ.”

ಹುಡುಗಿ ನೋಡಿದಳು. ಅಪ್ಪ ಪಟ್ಟಿ ಸರಿಮಾಡುತ್ತಿದ್ದರು. ಅಮ್ಮ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಭಯವಾಗಿತ್ತು ಅವಳಿಗೆ, ಅದನ್ನು ಮುಚ್ಚಿಡಲೂ ಅವಳಿಗೆ ಬರುತ್ತಿರಲಿಲ್ಲ.

“ಹಾಗಾದ್ರೆ ಡಾಕ್ಟರನ್ನೇ ಕರೆಸಿ,” ಎಂದಳು ಜರಡಿ ಯಜಮಾನರಿಗೆ. “ಮದುವೆ ಒಬ್ಬರೇ ಆಗೋದಲ್ಲವಲ್ಲ.”

ಡಾಕ್ಟರ ಕ್ಲಿನಿಕ್ಕು ಮೂರೇ ಅಂಗಡಿ ಆಚೆ. ಅವರು ಬರುವವರೆಗೆ ಜರಡಿ ಪರದೆ ಸರಿಸಿ ಅಂಗಡಿಯನ್ನು ನೋಡಿದಳು. ಗೋಡೆಯ ತುಂಬ ಕನ್ನಡಿ, ಕನ್ನಡಿಯ ಮುಂದೆ ಷೋಕೇಸುಗಳು. ಗಲ್ಲಾದ ಹಿಂದೆ ಹಿರಿಮಗಳು, ಗಿರಾಕಿಯೊಬ್ಬರ ಮೂಗಿನ ಮೇಲೆ ಫ್ರೇಮು ಕೂರಿಸಿ ‘ನಿಮಗೇ ಮಾಡಿಸಿದ ಹಾಗಿದೆ’ ಎನ್ನುತ್ತಿದ್ದಳು. ಈ ಮನೆಯಲ್ಲಿ ಕನ್ನಡಕವಿಲ್ಲದವಳು ಅವಳೊಬ್ಬಳೇ. ಅಕ್ಕತಂಗಿಯರ ಮುಖ ಒಂದೇ ಅಚ್ಚು. ಒಬ್ಬಳ ಮುಖಕ್ಕೆ ಗಾಜು ಹಾಕಿ ಹಿಂದೆ ಕೂರಿಸಿದ್ದರು, ಇನ್ನೊಬ್ಬಳನ್ನು ಮುಂದೆ.

ಹೊಸ ಷೋಕೇಸಿನ ಒಂದು ಪಕ್ಕಕ್ಕೆ ಗಾಜಿನ ಬದಲು ರಟ್ಟು ಬಡಿದಿತ್ತು.

“ಇದೇನು?”

“ಗಾಜು ಕೂರಿಸೋನು ಮೂರು ವಾರದ ಹಿಂದೆ ಅರ್ಧಕ್ಕೆ ಬಿಟ್ಟು ಹೋದ,” ಎಂದರು ಯಜಮಾನರು. “ಈ ಕೆಲಸದೋರನ್ನ ನಂಬೋ ಹಾಗಿಲ್ಲ ಮೇಡಂ. ನೋಡಿ, ಕಟ್ಟರ್ ಕೂಡ ಇಲ್ಲೇ ಬಿಸಾಕಿ ಹೋಗಿದಾನೆ.”

ಜರಡಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಅವಳ ಮನೆಯ ನಲ್ಲಿ ರಿಪೇರಿಯವನೂ ಅಂಥವನೇ.

ಹಲ್ಲಿನ ಡಾಕ್ಟರು ಬಿಳಿ ಕೋಟಿನಲ್ಲೇ ಬಂದರು. ಅವರು ಬರುವ ಮೊದಲು ಅವರ ಹಲ್ಲು ಬಂತು ಎನ್ನಬೇಕು. ಮೂವತ್ತೆರಡನ್ನೂ ಒಟ್ಟಿಗೆ ತೋರಿಸುವ ಆ ನಗು ಅವರ ಕ್ಲಿನಿಕ್ಕಿನ ಬೋರ್ಡಿನ ಮೇಲೂ ಇತ್ತು. ಕಾಗದ ನೋಡಿದರು, ತಲೆ ಕೆರೆದುಕೊಂಡರು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಕತ್ತು ಓರೆ ಮಾಡಿದರು.

“ಗೊತ್ತಾಗಿಹೋಯ್ತಾ? ಏನ್ಮಾಡೋದು ಮಾವ, ತಡೆಯೋಕಾಗ್ಲಿಲ್ಲ. ಕ್ಷಮಿಸಿಬಿಡಿ.”

“ಇಬ್ಬರೂ ಹೋಗಿದ್ರಾ?” ಜರಡಿ ಕೇಳಿದಳು.

“ಮತ್ತೆ? ಮದುವೆಗೆ ಒಬ್ಬನೇ ಹೋಗೋಕಾಗುತ್ತಾ?” ಹಲ್ಲು. “ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡ್ಕೊಂಡಿದ್ದು ಬಿಡಲೇ ಇಲ್ಲ. ಅಷ್ಟು ಹೆದರಿದ್ಲು ಪಾಪ.”

ಕಿರಿಮಗಳು ಅವರನ್ನೇ ನೋಡುತ್ತಿದ್ದಳು. “ನನ್ನ ಮುಖ ನೋಡಿ ಹೇಳಿ,” ಎಂದಳು. “ನಾನು ನಿಮ್ಮ ಕೈ ಹಿಡ್ಕೊಂಡಿದ್ನಾ?”

“ಹಿಡ್ಕೊಂಡಿದ್ದೆ ಮಾರಾಯ್ತಿ. ಇನ್ನೂ ಯಾಕೆ ನಾಟಕ? ಎಲ್ಲ ನಮ್ಮವರೇ.” ಡಾಕ್ಟರು ಎಲ್ಲರ ಕಡೆ ತಿರುಗಿದರು. “ಭಾನುವಾರ ಆದ್ಮೇಲೆ ಸರಿಹೋಗ್ತಾಳೆ.”

ಎಷ್ಟು ಸಲೀಸು! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಈ ಮನುಷ್ಯ ಕಣ್ಣು ಬಿಟ್ಟುಕೊಂಡೇ ಕುಡಿಯುತ್ತಿದ್ದ. ಜರಡಿಗೆ ಅಸಹ್ಯವಾಯಿತು. ಆದರೆ ಅಸಹ್ಯವೇನು ಸಾಕ್ಷಿಯೇ? ಕಾಗದ ಅವನ ಕಡೆಗಿತ್ತು, ಫೋಟೋ ಅವನ ಕಡೆಗಿತ್ತು. ಅದನ್ನು ಹುಡುಕಿ ತಂದವಳು ತಾನೇ.

ಕಿರಿಮಗಳು ಕೈ ಒರೆಸಿಕೊಂಡಳು. “ಆ ಫೋಟೋ ಕೊಡಿ.”

ಕಾಗದವನ್ನು ಯಂತ್ರದ ದೀಪದ ಕೆಳಗೆ ಹರಡಿ, ಲೆನ್ಸಿನ ಗೀರು ಹುಡುಕುವ ಭೂತಗನ್ನಡಿಯನ್ನು ಅದರ ಮೇಲಿಟ್ಟು, ಮೂಗು ತಾಗುವಷ್ಟು ಬಗ್ಗಿದಳು. ಬಹಳ ಹೊತ್ತು ಹಾಗೆಯೇ ಇದ್ದಳು. ಡಾಕ್ಟರು ಗಡಿಯಾರ ನೋಡಿಕೊಂಡರು. ‘ಬಾಯಿ ತೆರೆದು ಕೂತಿರೋ ಪೇಷೆಂಟು ಇದಾರೆ’ ಎಂದರು. ಯಾರೂ ನಗಲಿಲ್ಲ.

“ಮೇಡಂ, ಇಲ್ಲಿ ಬನ್ನಿ,” ಎಂದಳು ಹುಡುಗಿ. ಅವಳ ದನಿ ಈಗ ಬೇರೆಯಾಗಿತ್ತು. ಕೆಲಸ ಮಾಡುವಾಗಿನ ದನಿ. “ಮೊದಲು ನನ್ನ ಮುಖ ನೋಡಿ. ಸ್ವಲ್ಪ ಪಕ್ಕದಿಂದ. ಕನ್ನಡಕದ ಮೇಲೆ, ಕೆಳಗೆ ಕೆನ್ನೆಯ ಗೆರೆ ಕಾಣುತ್ತಲ್ಲ? ಗಾಜಿನ ಒಳಗೆ ಆ ಗೆರೆ ಎಲ್ಲಿದೆ?”

ಜರಡಿ ನೋಡಿದಳು. ಇಷ್ಟು ದಿನ ನೋಡಿದ್ದ ಮುಖ, ಹೀಗೆ ನೋಡಿರಲಿಲ್ಲ. ಗಾಜಿನ ಒಳಗೆ ಕಾಣುವ ಕೆನ್ನೆ ಮೂಗಿನ ಕಡೆಗೆ ಒಳಸರಿದಿತ್ತು. ಮುಖದ ಅಂಚನ್ನು ಯಾರೋ ಆ ಜಾಗದಲ್ಲಿ ಕಡಿದ ಹಾಗೆ.

“ಒಳಗೆ ಹೋಗಿದೆ.”

“ಮೈನಸ್ ಪವರು. ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತೆ, ಮುಖದ ಅಂಚು ಒಳಗೆ ಸರಿಯುತ್ತೆ. ಮೈನಸ್ ಏಳು ಅಂದ್ರೆ ಎಂಥ ಕುರುಡರಿಗೂ ಕಾಣುತ್ತೆ. ಈಗ ಫೋಟೋ ನೋಡಿ.”

ಫೋಟೋದಲ್ಲಿ ಅದೇ ಕಪ್ಪು ದುಂಡು ಫ್ರೇಮು. ಅದೇ ಮುಖ. ಆದರೆ ಕೆನ್ನೆಯ ಗೆರೆ ಗಾಜಿನ ಹೊರಗೆ ಎಲ್ಲಿತ್ತೋ ಗಾಜಿನ ಒಳಗೂ ಅಲ್ಲೇ ಇತ್ತು. ಅಡ್ಡಿಯಿಲ್ಲದೆ, ನೇರವಾಗಿ, ಕಿಟಕಿಯ ಆಚೆಯ ಕಂಬದ ಹಾಗೆ.

“ಪವರೇ ಇಲ್ಲ,” ಎಂದಳು ಹುಡುಗಿ. “ಬರೀ ಗಾಜು. ಈ ಕನ್ನಡಕ ಹಾಕ್ಕೊಂಡು ನಾನು ಕೂತಿದ್ರೆ ಎದುರಿಗಿರೋ ಕ್ಯಾಮೆರಾ ಕೂಡ ನನಗೆ ಕಾಣ್ತಿರಲಿಲ್ಲ. ಇಲ್ಲಿ ಎಡಗಡೆ ಗಾಜಿನ ಮೂಲೆ ನೋಡಿ. ಬಿಳಿ ಚುಕ್ಕೆ ಇದೆಯಲ್ಲ?”

“ಬೆಳಕು ಬಿದ್ದಿರಬೇಕು,” ಎಂದರು ಡಾಕ್ಟರು.

“ಬೆಳಕಲ್ಲ. ಅಚ್ಚು. ಹೊಸ ಫ್ರೇಮು ಬರುವಾಗ ಕಂಪನಿಯವರು ಪವರಿಲ್ಲದ ಪ್ಲಾಸ್ಟಿಕ್ ಹಾಕಿ, ಮೂಲೆಯಲ್ಲಿ ತಮ್ಮ ಗುರುತು ಒತ್ತಿ ಕಳಿಸ್ತಾರೆ. ಷೋಕೇಸಿನಲ್ಲಿಡೋಕೆ. ಗಿರಾಕಿ ಕೊಂಡ ಮೇಲೆ ಅದನ್ನ ತೆಗೆದು ನಾನು ಲೆನ್ಸ್ ಕೂರಿಸ್ತೀನಿ.” ಅವಳು ತಲೆ ಎತ್ತಿ ಅಪ್ಪನನ್ನು ನೋಡಿದಳು. “ನೀವು ನಲವತ್ತು ವರ್ಷದಿಂದ ಈ ಕೆಲಸದಲ್ಲಿದೀರ ಅಪ್ಪ. ನಿಮಗೆ ಇದು ಕಾಣಲಿಲ್ವಾ?”

ಯಜಮಾನರು ಪಟ್ಟಿಯ ಕಡೆ ಕಣ್ಣು ತಿರುಗಿಸಿದರು.

ಜರಡಿಯ ತಲೆಯಲ್ಲಿ ಏನೋ ತಟ್ಟನೆ ಕೂತಿತು. ಬೇರೆ ಯಾವ ಮನೆಯಲ್ಲಾದರೂ ಒಬ್ಬಳು ಇನ್ನೊಬ್ಬಳಾಗಿ ನಿಲ್ಲಬೇಕಾದರೆ ಅವಳ ಕನ್ನಡಕವನ್ನೇ ಕದ್ದು ಹಾಕಿಕೊಳ್ಳುತ್ತಾರೆ. ಷೋಕೇಸಿಗೆ ಕೈ ಹಾಕಿ ಅದೇ ಮಾದರಿಯ ಹೊಸ ಫ್ರೇಮು ತೆಗೆದುಕೊಂಡು ಹೋಗುವ ದಡ್ಡತನ ಮಾಡುವುದು ಒಂದೇ ಒಂದು ಮನೆಯವರು. ಊರಿಗೆಲ್ಲ ಕಣ್ಣು ಕೊಡುವವರು!

“ಅಮ್ಮಾ ತಾಯಿ,” ಎಂದು ಜರಡಿ ಪರದೆಯ ಕಡೆ ಕೂಗಿದಳು. “ಗಿರಾಕಿಯನ್ನ ಕಳಿಸಿ ಒಂದು ಗಳಿಗೆ ಒಳಗೆ ಬಾ.”

ಹಿರಿಮಗಳು ಬಂದಳು. ಫೋಟೋ ನೋಡಿದಳು, ಭೂತಗನ್ನಡಿ ನೋಡಿದಳು, ತಂಗಿಯನ್ನು ನೋಡಿದಳು. ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

“ಹೌದು, ನಾನೇ. ಅವಳ ಸೋಡಾಬುಡ್ಡಿ ಹಾಕ್ಕೊಂಡ್ರೆ ನನಗೆ ತಲೆ ಸುತ್ತುತ್ತೆ, ಮೆಟ್ಟಿಲೇ ಕಾಣಲ್ಲ. ಅದಕ್ಕೇ ಷೋಕೇಸಿಂದ ತಗೊಂಡೆ. ಈಗೇನು? ಒಂದು ಫೋಟೋ, ನಾಲ್ಕು ಸಹಿ. ಅಪ್ಪ ಹೇಳಿದ್ರು, ಮಾಡ್ದೆ.”

“ಅಕ್ಕಾ,” ಎಂದಳು ಕಿರಿಮಗಳು. ಅಷ್ಟೇ. ಅವಳ ಕಣ್ಣು ತುಂಬಿ ಗಾಜು ಮಂಜಾಯಿತು. ಒರೆಸಿಕೊಳ್ಳಲಿಲ್ಲ.

“ಏನು ಅಕ್ಕಾ ಅಂತೀಯ? ನಿನಗೆ ಒಳ್ಳೇದಾಗಲಿ ಅಂತ ತಾನೆ? ಡಾಕ್ಟರ ಹೆಂಡ್ತಿ ಆಗ್ತೀಯ. ನನಗೆ ಯಾರು ಡಾಕ್ಟರನ್ನ ತಂದುಕೊಟ್ರು?” ಹಿರಿಮಗಳ ಮುಖ ಕೆಂಪಾಯಿತು. ಈ ಕೋಣೆಯಲ್ಲಿ ಅವತ್ತು ಆಡಿದ ಮಾತುಗಳಲ್ಲಿ ಅದೊಂದು ನಿಜವಾಗಿ ಹೊಟ್ಟೆಯಿಂದ ಬಂದ ಮಾತು ಎಂದು ಜರಡಿಗೆ ಅನ್ನಿಸಿತು.

ಯಜಮಾನರು ಈಗ ಎದ್ದು ನಿಂತರು. ನಗು ಇರಲಿಲ್ಲ, ಆದರೆ ಅಂಜಿಕೆಯೂ ಇರಲಿಲ್ಲ. ಅದೇ ಜರಡಿಗೆ ಮೈ ಉರಿಸಿದ್ದು.

“ಹೂಂ, ನಾನೇ ಮಾಡಿಸಿದ್ದು. ಮೂರು ತಿಂಗಳ ಹಿಂದೆ ಇವಳು ಯಾರೋ ಒಬ್ಬನ ಜೊತೆ ಓಡಾಡ್ತಿದಾಳೆ ಅಂತ ಸುದ್ದಿ ಬಂತು. ಯಾರು ಏನು ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಓಡಿಹೋಗಿ ರಿಜಿಸ್ಟರ್ ಮಾಡಿಕೊಂಡುಬಿಟ್ರೆ? ಅದಕ್ಕೆ ಮೊದಲೇ ಬೇಲಿ ಹಾಕಿದೆ. ಕಾಗದದಲ್ಲಿ ಒಂದು ಮದುವೆ ಇದ್ರೆ ಇನ್ನೊಂದು ಮಾಡಿಕೊಳ್ಳೋಕಾಗಲ್ಲವಲ್ಲ. ತಂದೆಯಾದವನು ಮಾಡಬೇಕಾದ್ದೇ.”

“ಬೇಲಿಯೇ ಎದ್ದು ಹೊಲ ಮೇಯ್ದಿದೆ,” ಎಂದಳು ಜರಡಿ. “ಸ್ವಂತ ಮಗಳ ಹೆಸರಲ್ಲಿ ಕಳ್ಳಸಹಿ ಹಾಕಿಸಿ, ಅದಕ್ಕೆ ತಂದೆತನ ಅನ್ನೋ ಹೆಸರು ಬೇರೆ. ಥೂ!”

“ಬಾಯಿಗೆ ಬಂದಂಗೆ ಮಾತಾಡಬೇಡಿ. ನಿಮ್ಮನ್ನ ಕರೆಸಿದ್ದು ನಾನು.”

“ಗೊತ್ತು ಸ್ವಾಮಿ. ‘ಮೊದಲು ಆ ಕಚೇರಿಯಲ್ಲೇ ನೋಡಿ’ ಅಂದೋರೂ ನೀವೇ.”

ಹೇಳುತ್ತಿದ್ದಂತೆ ಜರಡಿಗೆ ತನ್ನ ಮಾತು ತನಗೇ ಚುಚ್ಚಿತು. ಊರಲ್ಲಿ ಅಂಥ ಕಚೇರಿ ಎರಡಿವೆ. ಅವಳು ಒಂದಕ್ಕೆ ಮಾತ್ರ ಹೋಗಿದ್ದಳು. ಹೋದ ಅರ್ಧ ಗಂಟೆಯಲ್ಲಿ ದಾಖಲೆ ಸಿಕ್ಕಿತ್ತು, ತನ್ನ ಚಾಣಾಕ್ಷತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದಳು. ಮುದುಕ ಆ ಕಾಗದದ ವಿಷಯವನ್ನು ತನ್ನ ಬಾಯಿಂದ ಹೇಳಲಾರದೆ, ಹೊರಗಿನವಳೊಬ್ಬಳ ಬಾಯಿಂದ ಹೇಳಿಸಿಕೊಂಡಿದ್ದ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಆ ಮೇಕೆ ಈಗ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿತ್ತು. ಇಪ್ಪತ್ತಮೂರು ವರ್ಷ ಊರವರನ್ನೆಲ್ಲ ಜರಡಿ ಹಿಡಿದವಳು ತನ್ನನ್ನು ಮಾತ್ರ ಹಿಡಿದುಕೊಂಡಿರಲಿಲ್ಲ.

“ಆಯ್ತಲ್ಲ,” ಎಂದರು ಹಲ್ಲಿನ ಡಾಕ್ಟರು ಕೋಟು ಸರಿಮಾಡಿಕೊಳ್ಳುತ್ತ. ನಗು ಮತ್ತೆ ಜಾಗಕ್ಕೆ ಬಂದಿತ್ತು. “ಈ ಗಾಜು, ಕೆನ್ನೆ, ಚುಕ್ಕೆ, ಇದನ್ನೆಲ್ಲ ಯಾರ ಮುಂದೆ ಹೇಳ್ತೀರ? ಮೊಹರು ಬಿದ್ದಿದೆ. ನಾನು ಗಂಡ ಅಂತೀನಿ, ಮಾವ ಹೌದು ಅಂತಾರೆ, ಅತ್ತಿಗೆ ಹೌದು ಅಂತಾರೆ. ಇವಳೊಬ್ಬಳು ಅಲ್ಲ ಅಂತಾಳೆ. ಭಾನುವಾರ ಎಲ್ಲರ ಮುಂದೆ ಇನ್ನೊಂದು ಸಲ ಆಗಿಬಿಟ್ರೆ ಆ ತಕರಾರೂ ಇರಲ್ಲ.”

“ಹನ್ನೊಂದನೇ ತಾರೀಖು ತಾನೆ?” ಎಂದಳು ಕಿರಿಮಗಳು.

“ಹೌದು. ಮೊಹರು ನೋಡಿಕೋ.”

“ನಾನು ಒಂಬತ್ತಕ್ಕೇ ಮದುವೆ ಆಗಿದ್ದೆ.”

ಯಜಮಾನರಿಗೆ ಅರ್ಥವಾಗಲು ಎರಡು ಉಸಿರು ಹಿಡಿಯಿತು. ಹುಡುಗಿ ಒಂದು ಹಳೆಯ ಕನ್ನಡಕದ ಡಬ್ಬಿಯನ್ನು ಯಂತ್ರದ ಕೆಳಗಿನಿಂದ ತೆಗೆದು, ಅದರ ಒಳಗಿನ ಬಟ್ಟೆಯ ಅಡಿಯಿಂದ ನಾಲ್ಕು ಮಡಿಕೆಯ ಕಾಗದ ಬಿಡಿಸಿ ಮೇಜಿನ ಮೇಲಿಟ್ಟಳು. ಅದರಲ್ಲೂ ಮೊಹರು. ಇನ್ನೊಂದು ಕಚೇರಿಯದು. ಅದರಲ್ಲೂ ಫೋಟೋ; ಮೈನಸ್ ಏಳರ ಹಿಂದೆ ಕೆನ್ನೆ ಕಡಿದ ಹಾಗೆ ಒಳಸರಿದ ಹುಡುಗಿ, ಹಲ್ಲು ಕಾಣದಂತೆ ತುಟಿ ಬಿಗಿದು ನಗು ತಡೆದುಕೊಂಡಿದ್ದಳು. ಪಕ್ಕದಲ್ಲಿದ್ದ ಗಂಡಸಿನ ಮುಖದ ಮೇಲೆ ಅವಳ ಹೆಬ್ಬೆರಳು ಗಟ್ಟಿಯಾಗಿ ಕೂತಿತ್ತು. ಹೆಸರು ಬರೆದ ಸಾಲಿನ ಮೇಲೆ ಉಳಿದ ಬೆರಳುಗಳು.

“ನೀವು ಬೇಲಿ ಹಾಕುವಷ್ಟರಲ್ಲಿ ನಾನು ದಾಟಿ ಎರಡು ದಿನ ಆಗಿತ್ತು ಅಪ್ಪ,” ಎಂದಳು.

“ಸುಳ್ಳು! ಯಾರು ಸಾಕ್ಷಿ?” ಯಜಮಾನರು ಕೂಗಿದರು. “ಸಾಕ್ಷಿ ಯಾರು ಹಾಕಿದ್ದು ಇದಕ್ಕೆ? ಯಾವ ಬೀದಿಯಲ್ಲಿ ಹೋಗೋನನ್ನ ಹಿಡ್ಕೊಂಡು ಬಂದೆ?”

“ನಾನೇ ರೀ.”

ಯಜಮಾನ್ತಿ ಕರವಸ್ತ್ರ ಮಡಿಸಿಟ್ಟರು. ಹತ್ತು ದಿನದಿಂದ ಅತ್ತ ಕಣ್ಣು ಊದಿತ್ತು, ದನಿ ಮಾತ್ರ ಒಣಗಿ ಸ್ಪಷ್ಟವಾಗಿತ್ತು.

“ಒಂಬತ್ತನೇ ತಾರೀಖು ಹಲ್ಲುನೋವು ಅಂತ ಹೊರಟೆನಲ್ಲ, ನೆನಪಿದೆಯಾ? ಅಳಿಯಂದಿರ ಕ್ಲಿನಿಕ್ಕಿಗೇ ಹೋಗ್ತೀನಿ ಅಂದೆ. ನೀವು ಎಷ್ಟು ಖುಷಿಯಾಗಿ ಕಳಿಸಿದ್ರಿ! ನನ್ನ ಹಲ್ಲಿಗೆ ಏನೂ ಆಗಿರಲಿಲ್ಲ.”

ಜರಡಿ ಆಕೆಯನ್ನು ಮೊದಲ ಸಲ ನೋಡುವ ಹಾಗೆ ನೋಡಿದಳು. ‘ಹನ್ನೊಂದಾ? ಸರಿಯಾಗಿ ನೋಡಿದ್ರಾ?’ ಆ ಪ್ರಶ್ನೆ ಈಗ ಬಂದು ಕಪಾಳಕ್ಕೆ ಬಿತ್ತು.

“ಆ ಪತ್ರ ಕೂಡ...” ಎಂದಳು ಜರಡಿ.

“ನಾನೇ ಬರೆದದ್ದು. ಎಡಗೈಯಲ್ಲಿ.” ಯಜಮಾನ್ತಿ ಜರಡಿಯ ಕಡೆ ತಿರುಗಿದರು. “ನನ್ನ ಮನೆಗೆ ನಾನೇ ಬರೆದು, ನಾನೇ ಅತ್ತು, ಪತ್ತೇದಾರಿಯನ್ನ ಕರೆಸಿ ಅಂತ ನಾನೇ ಹಟ ಹಿಡಿದೆ. ನೀವು ನಿಜವಾದ ಕಾಗದ ಹುಡುಕ್ತೀರಿ ಅಂದುಕೊಂಡಿದ್ದೆ. ನೀವು ಅವರು ತೋರಿಸಿದ ಕಡೆ ಹೋಗಿ ಅವರಿಗೆ ಬೇಕಾದ್ದನ್ನ ತಂದ್ರಿ.”

“ನನ್ನ ಹತ್ತಿರವೇ ಬಂದು ಹೇಳಬಹುದಿತ್ತಲ್ಲ,” ಎಂದಳು ಜರಡಿ. ಅವಳಿಗೆ ಬೇರೆ ಮಾತು ಸಿಗಲಿಲ್ಲ.

“ನಿಮಗಾ? ನೀವು ನನ್ನ ಮುಖವನ್ನಾದ್ರೂ ಒಂದು ಸಲ ನೋಡಿದ್ರಾ? ಅಳೋ ಹೆಂಗಸು, ಬುದ್ಧಿ ಇಲ್ಲ ಅಂತ ಬಿಟ್ರಿ. ನನ್ನ ಗಂಡನಿಗೂ ನಿಮಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ ನನಗೆ.”

ಜರಡಿ ಚೀಲವನ್ನು ಹೆಗಲಿಂದ ಇಳಿಸಿ ಕುರ್ಚಿಯ ಮೇಲಿಟ್ಟಳು. ನಾಚಿಕೆಯಾಗಿತ್ತು ಅವಳಿಗೆ, ಸುಮ್ಮನೆ ಅಲ್ಲ, ಚೆನ್ನಾಗಿಯೇ ಆಗಿತ್ತು.

“ಆಯ್ತು ತಾಯಿ. ಮೊದಲ ಮದುವೆ ಇದೇ ಆದರೆ ಎರಡನೇ ಕಾಗದ ಕಸ. ಭಾನುವಾರದ ಮದುವೆಯೂ ಇಲ್ಲ. ಹುಡುಗಿ ಗಂಡನ ಹತ್ತಿರ ಹೋಗಲಿ. ಇನ್ನೇನು?”

ತಾಯಿಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಕಿರಿಮಗಳ ಹೆಬ್ಬೆರಳು ಫೋಟೋದ ಮೇಲಿನಿಂದ ಕದಲಲಿಲ್ಲ.

“ಎಲ್ಲಿಗೆ ಹೋಗಲಿ ಮೇಡಂ?” ಎಂದಳು. ಈಗ ಅವಳು ನಿಜವಾಗಿ ಅಳುತ್ತಿದ್ದಳು. “ಇಪ್ಪತ್ತೊಂದು ದಿನ ಆಯ್ತು. ಬೆಳಿಗ್ಗೆ ಕೆಲಸಕ್ಕೆ ಅಂತ ಹೊರಟವರು ಮನೆಗೆ ವಾಪಸ್ ಹೋಗಿಲ್ಲ. ಫೋನ್ ಇಲ್ಲ, ಏನಿಲ್ಲ. ಈ ತಿಂಗಳು ಬಂದು ಎಲ್ಲರ ಮುಂದೆ ಹೇಳೋಣ ಅಂದಿದ್ರು.”

“ಮದುವೆ ಹುಡುಕೋಕೆ ನಾನು ನಿಮ್ಮನ್ನ ಕರೆಸಲಿಲ್ಲ,” ಎಂದರು ಯಜಮಾನ್ತಿ. “ನನ್ನ ಅಳಿಯನ್ನ ಹುಡುಕೋಕೆ ಕರೆಸಿದ್ದು.”

ಹಿರಿಮಗಳು ತಂಗಿಯ ಕಡೆ ಒಂದು ಹೆಜ್ಜೆ ಇಟ್ಟಳು.

“ಇದೊಳ್ಳೆ ಕತೆ!” ಹಲ್ಲಿನ ಡಾಕ್ಟರು ನಕ್ಕುಬಿಟ್ಟರು. “ಗಾಜು ಕೂರಿಸೋನೊಬ್ಬ ಊರು ಬಿಟ್ಟು ಓಡಿಹೋದ್ರೆ ಅದಕ್ಕೆ ನಾವೇನ್ರೀ ಮಾಡೋಕಾಗುತ್ತೆ?”

ಯಜಮಾನ್ತಿ ತಟ್ಟನೆ ತಲೆ ಎತ್ತಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ.

“ಡಾಕ್ಟರೇ,” ಎಂದಳು ಜರಡಿ ಮೆಲ್ಲಗೆ, “ಆ ಹುಡುಗ ಯಾರು, ಏನು ಕೆಲಸ ಮಾಡ್ತಾನೆ ಅಂತ ಇಲ್ಲಿ ಯಾರೂ ಹೇಳಲಿಲ್ಲ. ಮಾವನವರಿಗಂತೂ ಇವತ್ತಿಗೂ ಗೊತ್ತಿಲ್ಲವಂತೆ. ನಿಮಗೆ ಹೇಗೆ ಗೊತ್ತಾಯ್ತು?”

ಆ ಮೂವತ್ತೆರಡು ಹಲ್ಲೂ ಒಟ್ಟಿಗೆ ಕಾಣೆಯಾದವು. ಬಿಳಿ ಕೋಟಿನ ಮೇಲೆ ಉಳಿದದ್ದು ಒಂದು ಬೂದು ಬಣ್ಣದ ಮುಖ. ಡಾಕ್ಟರು ಯಜಮಾನರ ಕಡೆ ನೋಡಿದರು. ಯಜಮಾನರು ಅವರ ಕಡೆ ನೋಡಲಿಲ್ಲ.

ಜರಡಿ ಹೊಸ ಷೋಕೇಸಿನ ಪಕ್ಕಕ್ಕೆ ಬಡಿದಿದ್ದ ರಟ್ಟನ್ನು ನೋಡಿದಳು. ಆಮೇಲೆ ಮೇಜನ್ನು. ಐನೂರು ಹೆಸರಿನ ಪಟ್ಟಿಯ ಮೇಲೆ, ಕೈಯಾಡಿ ಕೈಯಾಡಿ ನೀಲಿ ಟೇಪು ನುಣುಪಾದ ಆ ಕಟ್ಟರ್.

“ಯಜಮಾನ್ರೇ, ಕೆಲಸಗಾರ ಮುನಿಸಿಕೊಂಡ್ರೆ ಕೂಲಿ ಬಿಟ್ಟು ಹೋದಾನು,” ಎಂದಳು. “ಹತಾರ ಬಿಟ್ಟು ಹೋಗ್ತಾನಾ?”

ಯಜಮಾನರ ಅಂಗೈ ಮೇಜಿನ ಮೇಲೆ ಸರಿದು ಬಂದು ಕಟ್ಟರನ್ನು ಮುಚ್ಚಿಕೊಂಡಿತು.